ಸಾಲದ ಪಟ್ಟಿಯ ಖಾಲಿ ಸಾಲುಗಳು

ಓದುಗರೊಬ್ಬರ ಪತ್ರದ ಸಾರ ಇದು: 'ಹಳೆಯ ಬಾಂಡ್ ತೀರಿಸಲು ಸ್ಥಳೀಯ ಸಂಸ್ಥೆಗಳು ಹೊಸ ಬಾಂಡ್ ಹೊರಡಿಸುತ್ತವಂತೆ. ಮನೆ ಯಜಮಾನ ಹೀಗೆ ಮಾಡಿದರೆ ಮನೆ ಮುಳುಗಿತು ಅನ್ನುತ್ತೇವೆ. ಸಾಲಕ್ಕೆ ಕೈ ಎತ್ತಿ ಒಪ್ಪಿಗೆ ಕೊಟ್ಟ ಸದಸ್ಯರು ಮುಂದಿನ ಚುನಾವಣೆಗೆ ಕಾಣೆಯಾಗುತ್ತಾರೆ, ತೆರುವವರು ನಾವು. ಇಪ್ಪತ್ತು, ಮೂವತ್ತು ವರ್ಷದ ಸಾಲವನ್ನೇ ಯಾಕೆ ನಿಷೇಧಿಸಬಾರದು?'

ಸಂಪಾದಕರ ಉತ್ತರ:

ನಿಮ್ಮ ಸಿಟ್ಟಿನಲ್ಲಿ ಅರ್ಧ ನನ್ನದೂ ಹೌದು. ಇನ್ನರ್ಧ ಮಾತ್ರ ತಪ್ಪು ಬಾಗಿಲು ತಟ್ಟಿದೆ.

ನೀರಿನ ಕೊಳವೆ ಹಾಕಿದರೆ ಅದು ನಲವತ್ತು, ಐವತ್ತು ವರ್ಷ ಬಾಳುತ್ತದೆ. ಅದರ ಖರ್ಚನ್ನೆಲ್ಲ ಈ ವರ್ಷದ ತೆರಿಗೆಯಲ್ಲೇ ಎತ್ತಿದರೆ, ನಾಳೆ ಊರು ಬಿಡುವವನು ಪೂರ್ತಿ ತೆತ್ತು ಹೋಗುತ್ತಾನೆ. ಹತ್ತು ವರ್ಷ ಬಿಟ್ಟು ಬಂದವನು ಪುಕ್ಕಟೆ ನೀರು ಕುಡಿಯುತ್ತಾನೆ. ಹಾಗಾಗಿ ಸಾಲದ ಅವಧಿ ಉದ್ದವಾದ ಮಾತ್ರಕ್ಕೆ ಅನ್ಯಾಯವಲ್ಲ, ಕೊಳವೆ ಒಡೆದ ಮೇಲೂ ಕಂತು ಉಳಿದರೆ ಅನ್ಯಾಯ. ದಿನದ ಖರ್ಚಿಗೆ ಸಾಲ ಎತ್ತುವುದಂತೂ ಇನ್ನೂ ಕೆಟ್ಟದ್ದು. ನ್ಯೂಯಾರ್ಕ್ ನಗರ ವರ್ಷಗಟ್ಟಲೆ ಮಾಮೂಲಿ ಖರ್ಚನ್ನು ಅಲ್ಪಾವಧಿ ಸಾಲಪತ್ರಗಳ ಮೇಲೆ ದೂಡಿಕೊಂಡು ಬಂತು. 1975ರಲ್ಲಿ ಅವನ್ನು ಕೊಳ್ಳುವವರೇ ಇಲ್ಲವಾದರು.

ಬಾಂಡಿನ ಸುದ್ದಿ ಬಂದಾಗ ಎಲ್ಲರೂ ಮೊತ್ತ ನೋಡುತ್ತಾರೆ. ನಾನು ನೋಡುವುದು ಕಂತಿನ ಪಟ್ಟಿ. ವರ್ಷ, ಅಸಲು, ಬಡ್ಡಿ, ಒಟ್ಟು, ಹೀಗೆ ನಾಲ್ಕೇ ಕಾಲಂ. ಲೆಕ್ಕಕ್ಕೆ 100 ಕೋಟಿ ಸಾಲ, ಶೇ 5 ಬಡ್ಡಿ, 20 ವರ್ಷ ಅಂತಿಟ್ಟುಕೊಳ್ಳಿ. ವರ್ಷಕ್ಕೆ 5 ಕೋಟಿಯಂತೆ ಅಸಲು ತೀರಿಸುತ್ತ ಹೋದರೆ ಮೊದಲ ವರ್ಷ 10 ಕೋಟಿ, ಕೊನೆಯ ವರ್ಷ 5.25 ಕೋಟಿ, ಒಟ್ಟು ತೆರುವುದು 152.5 ಕೋಟಿ. ಪ್ರತಿವರ್ಷ ಒಂದೇ ಕಂತು ಬೇಕೆಂದರೆ ಸುಮಾರು 8 ಕೋಟಿಯಂತೆ ಒಟ್ಟು 160 ಕೋಟಿ ದಾಟುತ್ತದೆ. ಬಜೆಟ್ ಬರೆಯುವವರಿಗೆ ಇದು ಅಚ್ಚುಮೆಚ್ಚು, ಏರಿಳಿತವಿಲ್ಲ. ವರ್ಷವರ್ಷ ಬಡ್ಡಿ ಮಾತ್ರ ಕೊಟ್ಟು ಅಸಲನ್ನು ಕೊನೆಗಿಟ್ಟರೆ 200 ಕೋಟಿ. ಬಡ್ಡಿಯನ್ನೂ ಕಟ್ಟದೆ ಚಕ್ರಬಡ್ಡಿಗೆ ಬಿಟ್ಟರೆ ಕೊನೆಗೆ 265 ಕೋಟಿ. ಸಾಲ ಅದೇ, ಬಡ್ಡಿದರ ಅದೇ.

ಕೊನೆಯ ದಾರಿಯನ್ನು ಯಾರು ಹಿಡಿಯುತ್ತಾರೆ ಅನ್ನಬೇಡಿ. ಕ್ಯಾಲಿಫೋರ್ನಿಯಾದ ಪೋವೇ ಶಾಲಾ ಜಿಲ್ಲೆ (ಅಲ್ಲಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಸಂಸ್ಥೆ), ತೆರಿಗೆ ದರ ಏರಿಸುವುದಿಲ್ಲ ಎಂದು ಮತದಾರರಿಗೆ 2008ರಲ್ಲಿ ಮಾತು ಕೊಟ್ಟಿತ್ತು. ಶಾಲೆಗಳ ಕೆಲಸ ಮುಗಿಸಲು ದುಡ್ಡು ಸಾಲದಾಯಿತು. 2011ರಲ್ಲಿ ಸುಮಾರು 10.5 ಕೋಟಿ ಡಾಲರ್ ಎತ್ತಿತು. ಅದರ ಕಂತಿನ ಪಟ್ಟಿಯಲ್ಲಿ ಮೊದಲ ಇಪ್ಪತ್ತು ವರ್ಷ ಖಾಲಿ, ಬಿಡಿಗಾಸು ಕಟ್ಟಬೇಕಿಲ್ಲ. ಆಮೇಲೆ ಶುರುವಾಗಿ ಮುಗಿಯುವಷ್ಟರಲ್ಲಿ ತೆರಬೇಕಾದದ್ದು ಹತ್ತಿರ ಹತ್ತಿರ 100 ಕೋಟಿ ಡಾಲರ್. ಕೊಟ್ಟ ಮಾತು ಅಕ್ಷರಶಃ ಉಳಿಯಿತು, ಬಿಲ್ ಮಾತ್ರ ಮಕ್ಕಳ ಹೆಸರಿಗೆ ಹೋಯಿತು. 2013ರಲ್ಲಿ ಕ್ಯಾಲಿಫೋರ್ನಿಯಾ ಕಾನೂನು ತಂದು ಇದಕ್ಕೆ ಮೂಗುದಾರ ಹಾಕಿತು: ಶಾಲಾ ಜಿಲ್ಲೆಗಳು ಇಂಥ ಬಾಂಡುಗಳಲ್ಲಿ ತೀರಿಸುವ ಒಟ್ಟು ಮೊತ್ತ ಅಸಲಿನ 4 ಪಟ್ಟು ಮೀರುವಂತಿಲ್ಲ, ಅವಧಿ 25 ವರ್ಷ ದಾಟುವಂತಿಲ್ಲ. ನನ್ನನ್ನು ಕೇಳಿದರೆ ನಾಲ್ಕು ಪಟ್ಟೂ ಉದಾರವೇ.

ಅಸಲನ್ನು ಕೊನೆಗಿಟ್ಟವರು ಸಾಮಾನ್ಯವಾಗಿ ಸಿಂಕಿಂಗ್ ಫಂಡ್ ಇಡುತ್ತಾರೆ. ವರ್ಷಕ್ಕಿಷ್ಟು ಎತ್ತಿಟ್ಟು, ಗಡುವು ಬಂದಾಗ ಅದರಿಂದಲೇ ಅಸಲು ಕೊಡುವುದು. ಒಳ್ಳೆಯ ಏರ್ಪಾಡು, ಆದರೆ ರಾಶಿ ಬಿದ್ದ ದುಡ್ಡು ಕಂಡರೆ ಯಾರ ಕೈಯೂ ಸುಮ್ಮನಿರದು. ಆ ನಿಧಿ ಪಾಲಿಕೆಯ ಸ್ವಂತ ಖಾತೆಯಲ್ಲಿರದೆ ಟ್ರಸ್ಟಿಯ, ಅಂದರೆ ಬಾಂಡು ಕೊಂಡವರ ಪರವಾಗಿ ದುಡ್ಡು ಕಾಯುವ ಮೂರನೆಯವರ, ಹತ್ತಿರ ಇದೆಯೇ ಅಂತ ನೋಡಿಕೊಳ್ಳಬೇಕು.

ಈಗ ನಿಮ್ಮ ಮುಖ್ಯ ದೂರು, ಹಳೇ ಸಾಲಕ್ಕೆ ಹೊಸ ಸಾಲ. ಇದರಲ್ಲಿ ಎರಡು ಜಾತಿ. ಶೇ 7ರ ಬಡ್ಡಿಗೆ ತಂದದ್ದನ್ನು ಶೇ 5ಕ್ಕೆ ಸಿಕ್ಕ ಹೊಸ ಬಾಂಡಿನಿಂದ ತೀರಿಸಿ, ಮುಗಿಯುವ ವರ್ಷ ಮೊದಲಿನದೇ ಉಳಿಸಿಕೊಂಡರೆ ಅದು ಜಾಣತನ. ಅನೇಕ ಬಾಂಡುಗಳಲ್ಲಿ ಹತ್ತು ವರ್ಷ ಕಳೆದ ಮೇಲೆ ಮೊದಲೇ ತೀರಿಸುವ ಹಕ್ಕನ್ನು ಬರೆದಿಟ್ಟುಕೊಳ್ಳುವುದು ಇದಕ್ಕಾಗಿಯೇ. ಇನ್ನೊಂದು, ಈ ವರ್ಷದ ಕಂತಿಗೆ ದುಡ್ಡಿಲ್ಲವೆಂದು ಅದನ್ನೇ ಹೊಸ ಸಾಲ ಮಾಡಿ ಇನ್ನಷ್ಟು ವರ್ಷ ಮುಂದೂಡುವುದು. ಶಿಕಾಗೊದಲ್ಲಿ ಇದಕ್ಕೆ 'ಸ್ಕೂಪ್ ಅಂಡ್ ಟಾಸ್' ಅಂತ ಅಡ್ಡಹೆಸರೇ ಇತ್ತು, ಬಾಚಿ ಆಚೆಗೆ ಎಸೆಯೋದು ಅಂತ. ಈ ಚಾಳಿ ಬಿಡುತ್ತೇವೆ ಎಂದು 2015ರಲ್ಲಿ ಅಲ್ಲಿನ ಮೇಯರ್ ರಾಮ್ ಇಮ್ಯಾನ್ಯುಯೆಲ್ ಬಹಿರಂಗವಾಗಿ ಹೇಳಬೇಕಾಯಿತು. ನೀವು ಹೇಳುವ ಮನೆ ಯಜಮಾನ ಈ ಎರಡನೇ ಜಾತಿಯವನು. ಈ ಎರಡು ಜಾತಿಯನ್ನು ಬೇರೆ ಮಾಡಲು ಒಂದೇ ಪ್ರಶ್ನೆ ಸಾಕು: ಹೊಸ ಪಟ್ಟಿಯ ಕೊನೆಯ ವರ್ಷ ಯಾವುದು?

ಕಟ್ಟಲು ಆಗದಿದ್ದರೆ? ಸಾಲ ಕೊಟ್ಟವರು ತೆರಿಗೆಯ ಹರಿವಿಗೇ ಬಾಯಿ ಹಚ್ಚುತ್ತಾರೆ. ನ್ಯೂಯಾರ್ಕಿನ ಸಂಕಟದಲ್ಲಿ ರಾಜ್ಯ ಸರ್ಕಾರ ಪ್ರತ್ಯೇಕ ನಿಗಮ ಕಟ್ಟಿತು. ನಗರದ ಮಾರಾಟ ತೆರಿಗೆ ನೇರವಾಗಿ ಅಲ್ಲಿಗೇ ಹೋಗುವಂತೆ ಮಾಡಿದ್ದರಿಂದ ಅದರ ಬಾಂಡುಗಳಿಗೆ ಗಿರಾಕಿ ಸಿಕ್ಕರು. ದಿವಾಳಿಯೇ ಆದಾಗ ಯಾರಿಗೆಷ್ಟು ಎಂಬುದನ್ನು ಕಾನೂನು ಹೇಳುತ್ತದೆ, ಅದು ಎಲ್ಲೆಡೆ ಒಂದೇ ಅಲ್ಲ. ರೋಡ್ ಐಲೆಂಡ್ ರಾಜ್ಯದ ಸೆಂಟ್ರಲ್ ಫಾಲ್ಸ್ ನಗರ 2011ರಲ್ಲಿ ದಿವಾಳಿ ಅರ್ಜಿ ಹಾಕುವ ಮೊದಲೇ ರಾಜ್ಯ ಬಾಂಡುದಾರರಿಗೆ ಮೊದಲ ಹಕ್ಕು ಕೊಟ್ಟಿತ್ತು. ಅವರಿಗೆ ಪೂರ್ತಿ ಸಿಕ್ಕಿತು, ಕೆಲವು ನಿವೃತ್ತ ನೌಕರರ ಪಿಂಚಣಿ ಅರ್ಧಕ್ಕೂ ಕೆಳಗಿಳಿಯಿತು. 2013ರಲ್ಲಿ ಬಿದ್ದ ಡೆಟ್ರಾಯಿಟಿನಲ್ಲಿ ಕತೆ ತಿರುವುಮುರುವು. ತೆರಿಗೆಯ ಭರವಸೆ ಇದ್ದ ಬಾಂಡುಗಳಿಗೂ ಡಾಲರಿಗೆ 74 ಸೆಂಟ್ ಸಿಕ್ಕಿತು, ಸಾಮಾನ್ಯ ನೌಕರರ ಮೂಲ ಪಿಂಚಣಿಗೆ ಶೇ 4.5 ಕತ್ತರಿ ಬಿತ್ತು.

ಸದಸ್ಯರು ಕಾಣೆಯಾಗುತ್ತಾರೆ ಎಂಬ ನಿಮ್ಮ ಮಾತಿಗೆ ನನ್ನಲ್ಲಿ ಮದ್ದಿಲ್ಲ. ನೀವು ಕತ್ತರಿಸಿ ಕಳಿಸಿದ ಸುದ್ದಿತುಣುಕಿನಲ್ಲಿ ಮೊತ್ತವೊಂದೇ ಇದೆ. ಬಡ್ಡಿದರ, ಅಸಲು ಶುರುವಾಗುವ ವರ್ಷ, ಮುಗಿಯುವ ವರ್ಷ ಯಾವುದೂ ಇಲ್ಲ. ಆ ಮೂರು ಸಂಖ್ಯೆ ಸಿಕ್ಕರೆ ಬರೆದು ಕಳಿಸಿ, ಕೂತು ಲೆಕ್ಕ ಹಾಕೋಣ.