ಓದುಗರ ಪ್ರಶ್ನೆ: ನಡುವಯಸ್ಸಿನಲ್ಲಿ ಮತ್ತೆ ಕಾಲೇಜು

ಪ್ರಶ್ನೆ: ನನ್ನ ಪತ್ನಿಗೆ 42 ವರ್ಷ. ಹಿಂದೆ ಅರ್ಧಕ್ಕೆ ನಿಂತಿದ್ದ ಪದವಿಯನ್ನು ಮುಗಿಸಲೇಬೇಕೆಂದು ಈ ವರ್ಷ ಮತ್ತೆ ಕಾಲೇಜಿಗೆ ಸೇರಿದ್ದಾಳೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಓದಲು ಕೂರುತ್ತಾಳೆ. ಓದಿದ್ದು ತಲೆಯಲ್ಲಿ ನಿಲ್ಲುತ್ತಿಲ್ಲ, ಓದುವ ವಯಸ್ಸು ಮೀರಿತು ಎಂದು ಕೊರಗುತ್ತಾಳೆ. ಎಷ್ಟು ಧೈರ್ಯ ಹೇಳಿದರೂ ಪ್ರಯೋಜನವಾಗುತ್ತಿಲ್ಲ. ನಾನು ಇನ್ನೇನು ಮಾಡಬಹುದು?

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಗಮನ ಸೆಳೆದದ್ದು ‘ಎಲ್ಲರೂ ಮಲಗಿದ ಮೇಲೆ’ ಎಂಬ ಮಾತು. ದಿನವಿಡೀ ದುಡಿದು ದಣಿದವರು ಅಳಿದುಳಿದ ಹೊತ್ತಿನಲ್ಲಿ ಪುಸ್ತಕ ತೆರೆದು, ಓದಿದ್ದು ನಿಲ್ಲದಿದ್ದಾಗ ವಯಸ್ಸನ್ನು ದೂರುವುದು ತಮಗೆ ತಾವೇ ಮಾಡಿಕೊಳ್ಳುವ ಅನ್ಯಾಯ. ಅವರಿಗೆ ಈಗ ಧೈರ್ಯದ ಮಾತಿಗಿಂತ ಹೆಚ್ಚಾಗಿ ಬೇಕಿರುವುದು ದಣಿವಿಲ್ಲದ ಒಂದು ಗಂಟೆ, ಮತ್ತು ಅದನ್ನು ಒದಗಿಸುವುದು ನಿಮ್ಮ ಕೈಯಲ್ಲಿದೆ. ದಿನದ ಒಂದು ಗೊತ್ತಾದ ಹೊತ್ತಿನಲ್ಲಿ ಮನೆಯ ಕೆಲಸವನ್ನೂ ಮಕ್ಕಳ ಕೇಳಿಕೆಗಳನ್ನೂ ಪೂರ್ತಿಯಾಗಿ ನೀವೇ ವಹಿಸಿಕೊಳ್ಳಿ. ಅವರ ಮೇಲ್ವಿಚಾರಣೆಯಲ್ಲಿ ನೀವು ಮಾಡುವ ‘ಸಹಾಯ’ ಇಲ್ಲಿ ಸಾಲದು. ಯಾವ ವಸ್ತು ಎಲ್ಲಿದೆ ಎಂದು ಬಾಗಿಲು ತಟ್ಟಿ ಕೇಳುವ ಅರೆನಿಮಿಷದಲ್ಲಿ ಅವರು ಹಿಡಿದಿದ್ದ ಯೋಚನೆಯ ಎಳೆ ಕಡಿದುಹೋಗುತ್ತದೆ, ಮತ್ತೆ ಅದು ಸಿಗಬೇಕಾದರೆ ಎರಡು ಪುಟ ಹಿಂದಕ್ಕೆ ಹೋಗಬೇಕಾಗುತ್ತದೆ.

ಇನ್ನು ನೆನಪಿನ ವಿಷಯ. ಕಲಿತದ್ದು ಮರೆಯುವ ವೇಗವನ್ನು ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡು ಅಳೆದು 1885ರಲ್ಲಿ ಪ್ರಕಟಿಸಿದರು. ಕಲಿತ ಮೊದಲ ಕೆಲವು ಗಂಟೆಗಳಲ್ಲೇ ಮರೆವು ಅತಿ ಹೆಚ್ಚು ಎಂದು ಕಂಡುಕೊಂಡ ಅವರಿಗೆ ಆಗಿನ್ನೂ 35 ವರ್ಷ ದಾಟಿರಲಿಲ್ಲ. ಹೊಸ ಸಮಸ್ಯೆಯನ್ನು ಥಟ್ಟನೆ ಬಿಡಿಸುವ ಚುರುಕು ವಯಸ್ಸಿನೊಂದಿಗೆ ನಿಧಾನವಾಗಿ ತಗ್ಗುತ್ತದೆಂಬುದು ನಿಜ. ಆದರೆ ಪದಸಂಪತ್ತು ಮತ್ತು ಲೋಕಜ್ಞಾನ ನಡುವಯಸ್ಸಿನಲ್ಲೂ ಬೆಳೆಯುತ್ತಲೇ ಇರುತ್ತವೆ. ಹಾಗಾಗಿ ನಿಮ್ಮ ಪತ್ನಿಗೆ ಒಂದು ಅಧ್ಯಾಯ ಮುಗಿಸಲು ಸಹಪಾಠಿಗಳಿಗಿಂತ ಹೆಚ್ಚು ಹೊತ್ತು ಹಿಡಿಯಬಹುದು, ಆದರೆ ಓದಿದ್ದನ್ನು ಬದುಕಿನಲ್ಲಿ ಕಂಡದ್ದರೊಂದಿಗೆ ಹೊಂದಿಸಿ ನೋಡುವ ಶಕ್ತಿ ಅವರಲ್ಲಿ ಹೆಚ್ಚೇ ಇರುತ್ತದೆ.

ಬದಲಾಗಬೇಕಿರುವುದು ಬಹುಶಃ ಓದುವ ಕ್ರಮ. ಒಂದೇ ಪಾಠವನ್ನು ಮತ್ತೆಮತ್ತೆ ಓದಿದವರನ್ನೂ, ಒಮ್ಮೆ ಓದಿ ಬಳಿಕ ನೆನಪಿನಿಂದ ಬರೆದವರನ್ನೂ ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ಹೋಲಿಸಿ ನೋಡಿದರು. ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮತ್ತೆಮತ್ತೆ ಓದಿದವರು ಮುಂದಿದ್ದರು. ಒಂದು ವಾರದ ನಂತರ ನೆನಪಿನಿಂದ ಬರೆದಿದ್ದವರು ಅವರನ್ನು ಮೀರಿಸಿದ್ದರು. ಆದ್ದರಿಂದ ಎರಡು ಪುಟ ಓದಿದ ಕೂಡಲೇ ಪುಸ್ತಕ ಮುಚ್ಚಿ, ಖಾಲಿ ಹಾಳೆಯ ಮೇಲೆ ತೋಚಿದಷ್ಟನ್ನು ಬರೆದು, ಬಿಟ್ಟುಹೋದದ್ದನ್ನು ಬೇರೆ ಬಣ್ಣದ ಶಾಯಿಯಲ್ಲಿ ಸೇರಿಸುವ ಅಭ್ಯಾಸ ಮಾಡಿಕೊಳ್ಳಲಿ. ಅದೇ ಹಾಳೆಯನ್ನು ಮರುದಿನ ನೀವು ಕೈಯಲ್ಲಿ ಹಿಡಿದು ಪ್ರಶ್ನೆ ಕೇಳಬಹುದು. ನೀವು ಆ ವಿಷಯ ತಿಳಿದವರಾಗಿರಬೇಕಿಲ್ಲ, ಉತ್ತರ ತಡವಾದಾಗ ಮಧ್ಯೆ ಬಾಯಿ ಹಾಕದೆ ಕಾಯುವ ತಾಳ್ಮೆಯಿದ್ದರೆ ಸಾಕು.

ಹಿಂದೆ ಅವರು ಪಾಸಾಗಿದ್ದ ವಿಷಯಗಳಿಗೆ ಈಗ ವಿನಾಯಿತಿ ಸಿಗುತ್ತದೆಯೇ ಎಂಬುದನ್ನು ಕಾಲೇಜಿನಲ್ಲಿ ಲಿಖಿತವಾಗಿ ಕೇಳಿ. ಇಂಥ ಓಡಾಟವನ್ನೂ ನೀವೇ ಮಾಡಿದರೆ ಅವರ ಹೊರೆ ಅಷ್ಟಾದರೂ ಇಳಿಯುತ್ತದೆ.

ಪ್ರಶ್ನೆ: ನಾನು ಉಪನ್ಯಾಸಕಿ. ನನ್ನ ತರಗತಿಯಲ್ಲಿರುವ ಹಿರಿಯ ವಿದ್ಯಾರ್ಥಿಗಳಿಬ್ಬರು ಬಾಯಿಯೇ ಬಿಡುವುದಿಲ್ಲ. ಅವರನ್ನು ಮಾತನಾಡಿಸುವುದು ಹೇಗೆ?

ಉತ್ತರ: ದಯವಿಟ್ಟು ಎಲ್ಲರೆದುರು ‘ನಿಮ್ಮ ಅನುಭವ ಹೇಳಿ’ ಎಂದು ಎಬ್ಬಿಸಿ ನಿಲ್ಲಿಸಬೇಡಿ, ಮೊದಲೇ ಸಂಕೋಚದಲ್ಲಿರುವವರು ಇನ್ನಷ್ಟು ಮುದುಡುತ್ತಾರೆ. ತರಗತಿಯನ್ನು ಮೂರು ನಾಲ್ಕು ಜನರ ಗುಂಪುಗಳಾಗಿ ಮಾಡಿ ಒಂದು ಸಮಸ್ಯೆ ಕೊಡಿ, ಅಲ್ಲಿ ಅವರ ಮಾತಿಗೆ ತಾನಾಗಿಯೇ ಬೆಲೆ ಬರುತ್ತದೆ. ನಿಯೋಜಿತ ಬರಹಗಳ ಕೊನೆಯ ದಿನಾಂಕಗಳನ್ನೆಲ್ಲ ಸೆಮಿಸ್ಟರ್ ಆರಂಭದಲ್ಲೇ ತಿಳಿಸಿದರೆ ಅವರು ಉದ್ಯೋಗದ ರಜೆಯನ್ನು ಅದಕ್ಕೆ ತಕ್ಕಂತೆ ಹೊಂದಿಸಿಕೊಳ್ಳಬಹುದು. ಆನ್‌ಲೈನಿನಲ್ಲಿ ಬರಹ ಸಲ್ಲಿಸುವ ಬಗೆಯನ್ನು ಇಡೀ ತರಗತಿಗೇ ಒಮ್ಮೆ ಪರದೆಯ ಮೇಲೆ ತೋರಿಸಿಬಿಡಿ. ಗೊತ್ತಿಲ್ಲವೆಂದು ಕೈ ಎತ್ತಬೇಕಾದ ಮುಜುಗರ ಆಗ ಯಾರಿಗೂ ಇರುವುದಿಲ್ಲ.