ಮರು-ದಾಳವನ್ನು ಯಾವಾಗ ಬಳಸಬೇಕು?

ಬ್ಯಾಕ್‌ಗ್ಯಾಮನ್‌ನಲ್ಲಿ ಒಂದು ಆಟಕ್ಕೆ ಒಬ್ಬರಿಗೆ ಒಂದೇ ಸಲ ದಾಳ ಮತ್ತೆ ಉರುಳಿಸುವ ಅವಕಾಶ ಇಟ್ಟುಕೊಂಡು ಆಡ್ತೀವಿ, ಅದನ್ನ ಶುರುವಿನಲ್ಲೇ ಕಳ್ಕೊಳ್ತೀನಿ ಅಂತ ಕೇಳಿದ್ದೀರಿ ಅಲ್ವಾ? ನಾನೂ ಅದೇ ತಪ್ಪು ಮಾಡುತ್ತಿದ್ದೆ. ಮೊದಲ ನಡೆಗೆ 4-1 ಬಿದ್ದರೆ ಬೇಜಾರು, ನಿಜ. ಆದರೆ ಅದರಿಂದ ಆಗುವ ನಷ್ಟ ತುಂಬಾ ಸಣ್ಣದು. ಸುಮ್ನೆ ಬಿಟ್ಟುಬಿಡಿ.

ಒಂದು ಸಲದ ದಾಳದಲ್ಲೇ ಆಟ ತೀರ್ಮಾನ ಆಗುವ ಹೊತ್ತಿಗೆ ಅದನ್ನು ಕಾದಿಡಿ. ನಿಮ್ಮ ಕೊನೆಯ ಎರಡು ಕಾಯಿ 5 ಮತ್ತು 2ನೇ ಮನೆಯಲ್ಲಿವೆ, ಎದುರಾಳಿ ಮುಂದಿನ ಸರದಿಯಲ್ಲಿ ಖಂಡಿತ ಮುಗಿಸುತ್ತಾರೆ ಅಂದುಕೊಳ್ಳಿ. 36 ಬೀಳುವಿಕೆಗಳಲ್ಲಿ 19ರಲ್ಲಿ ಎರಡೂ ಹೊರಗೆ ಹೋಗುತ್ತವೆ, ಅಂದರೆ ಸುಮಾರು 53%. ಮರು-ದಾಳ ಕೈಯಲ್ಲಿದ್ದರೆ ಅದೇ 78% ಹತ್ತಿರ ಹೋಗುತ್ತದೆ! ಹೊಡೆತ ತಿಂದ ನಿಮ್ಮ ಕಾಯಿ ಬಾರ್ ಮೇಲೆ (ಬೋರ್ಡ್ ನಡುವಿನ ಪಟ್ಟಿ) ಕೂತಿದ್ದು, ಎದುರಾಳಿಯ ಹೋಮ್ ಬೋರ್ಡ್‌ನಲ್ಲಿ (ಅದು ಮತ್ತೆ ಒಳಗೆ ಬರಬೇಕಾದ ಆರು ಮನೆಗಳು) ಒಂದೇ ಮನೆ ತೆರೆದಿದ್ದರೂ ಹೀಗೇ: ಒಳಗೆ ಬರುವ ಸಾಧ್ಯತೆ 31% ಇದ್ದದ್ದು 52% ಆಗುತ್ತದೆ. ಆದರೆ ಒಳಗೆ ಬರಲಾಗದೆ ಕೂರುವುದೇ ಒಮ್ಮೊಮ್ಮೆ ಒಳ್ಳೆಯದು. ಎದುರಾಳಿಯೇ ತಮ್ಮ ಹೋಮ್ ಬೋರ್ಡ್‌ನಲ್ಲಿ ಕಟ್ಟಿದ ಮನೆಗಳನ್ನು ಬಿಟ್ಟುಕೊಡಬೇಕಾದ ಸ್ಥಿತಿ ಇದ್ದರೆ ಗಾಬರಿಯಾಗಿ ಮತ್ತೆ ಉರುಳಿಸಬೇಡಿ.

ಡಬಲಿಂಗ್ ಕ್ಯೂಬ್ (ಆಟದ ಪಣವನ್ನು ದುಪ್ಪಟ್ಟು ಮಾಡಲು ಬಳಸುವ ದಾಳ) ಇಟ್ಟು ಆಡಿದರೆ ಲೆಕ್ಕ ಜಾಸ್ತಿ ಬದಲಾಗುತ್ತದೆ. ಎದುರಾಳಿ ಡಬಲ್ ಮಾಡಿದಾಗ ಮರು-ದಾಳ ಯಾರ ಬಳಿ ಉಳಿದಿದೆ ಅಂತ ಮೊದಲು ನೋಡಿ.

ಇನ್ನೊಂದು: ಕಾಯಿ ಮುಟ್ಟುವ ಮುಂಚೆಯೇ ‘ಮತ್ತೆ ಹಾಕ್ತೀನಿ’ ಅನ್ನಬೇಕು, ಎರಡೂ ದಾಳ ಉರುಳಿಸಬೇಕು, ಹಳೆಯದು ವಾಪಸ್ ಸಿಗಲ್ಲ. ಇಷ್ಟು ಮೊದಲೇ ಮಾತಾಡಿಕೊಳ್ಳಿ, ಇಲ್ಲದಿದ್ದರೆ ಜಗಳ ಗ್ಯಾರಂಟಿ.