ಬೆನ್ನು ತೋರಿಸಿ ನಡೆಯುವ ಆ ಹುಡುಗಿ

ಪಾಕಿಸ್ತಾನಿ-ಅಮೆರಿಕನ್ ಕಲಾವಿದೆ ಶಾಜಿಯಾ ಸಿಕಂದರ್ ಮಾಡಿದ್ದು ಹಳೇ ಪರ್ಷಿಯನ್ ಮಿನಿಯೇಚರ್‌ನ (ಪುಟ್ಟ, ಸೂಕ್ಷ್ಮ ಚಿತ್ರದ) ನಕಲಲ್ಲವೇ, ಹೊಸದೇನಿದೆ ಅಂತ ಕೇಳಿದ್ದೀರಿ. ಆಕೆಯ ‘ದಿ ಸ್ಕ್ರೋಲ್’ ಎಂಬ ಚಿತ್ರ ಒಂದನ್ನೇ ನಿಧಾನವಾಗಿ ನೋಡಿ. ಲಾಹೋರಿನ ನ್ಯಾಷನಲ್ ಕಾಲೇಜ್ ಆಫ್ ಆರ್ಟ್ಸ್‌ನಲ್ಲಿ ಓದುವಾಗ, 1989-90ರಲ್ಲಿ ಮಾಡಿದ್ದು. ಅಂಗೈಯಗಲದ ಪುಟವಲ್ಲ, ಐದಡಿಗೂ ಉದ್ದದ ಪಟ್ಟಿ.

ಸಾಮಗ್ರಿ ಎಲ್ಲ ಹಳೆಯದೇ: ಪದರ ಪದರವಾಗಿ ಅಂಟಿಸಿ ಉಜ್ಜಿದ ವಸ್ಲಿ ಕಾಗದ, ಜಲವರ್ಣ, ಜೊತೆಗೆ ಚಹಾದ ಬಣ್ಣ. ಗೋಡೆಗಳನ್ನು ಕತ್ತರಿಸಿ ಒಳಮನೆ ತೋರಿಸುವ, ಒಂದೇ ಚಿತ್ರದಲ್ಲಿ ಹಲವು ದೃಷ್ಟಿಕೋನ ಇಡುವ ರೀತಿಯೂ ಇರಾನಿನ ಸಫವಿ ದೊರೆಗಳ ಕಾಲದ್ದೇ. ಆದರೆ ಒಳಗಿರುವುದು ಶಹನೂ ಅಲ್ಲ, ಬೇಟೆಯೂ ಅಲ್ಲ. ಒಂದು ಸಾಧಾರಣ ಮನೆ. ಬಿಳಿ ಬಟ್ಟೆಯ ಹುಡುಗಿಯೊಬ್ಬಳು ಕೋಣೆಯಿಂದ ಕೋಣೆಗೆ ಹೋಗುತ್ತಾಳೆ, ನೆರಳಿನ ಹಾಗೆ. ಮುಖ ಮಾತ್ರ ಎಲ್ಲೂ ಕಾಣಿಸುವುದಿಲ್ಲ. ಕೊನೆಗೆ ಈಸೆಲ್ ಮುಂದೆ ನಿಂತು ಚಿತ್ರ ಬರೆಯುತ್ತಿರುತ್ತಾಳೆ, ಆಗಲೂ ನಮಗೆ ಬೆನ್ನೇ! ಒಂದೇ ಚೌಕಟ್ಟಿನಲ್ಲಿ ಒಬ್ಬಳನ್ನೇ ಹಲವು ಸಲ ತೋರಿಸಿ ಕಥೆ ಹೇಳುವುದು ಹಳೇ ಉಪಾಯ. ಅದನ್ನು ಮನೆಯೊಳಗಿನ ಚಡಪಡಿಕೆಗೆ ಬಳಸಿದ್ದೇ ಹೊಸದು ಅಂತ ನನ್ನ ಲೆಕ್ಕ.

ಇಷ್ಟವಾದರೆ 2003ರ ‘ಸ್ಪಿನ್’ ಅನಿಮೇಷನ್ ಹುಡುಕಿ. ಮೊಗಲ್ ದರ್ಬಾರಿನಲ್ಲಿ ಗೋಪಿಕೆಯರು ಸೇರುತ್ತಾರೆ, ಅವರ ಜಡೆಗಂಟು ಮೈಬಿಟ್ಟು ಹಕ್ಕಿಹಿಂಡಿನಂತೆ ಹಾರುತ್ತದೆ. ಕೃಷ್ಣನ ಸುಳಿವೇ ಇಲ್ಲ.

ಅಂದಹಾಗೆ, ಶಾಜಿಯಾರ ಕೆಲಸವನ್ನು ಬರೀ ‘ಪರ್ಷಿಯನ್’ ಅನ್ನಬೇಡಿ. ಮೊಗಲ್, ರಜಪೂತ ಶೈಲಿಗಳೂ ಬೆರೆತಿವೆ. ‘ದಿ ಸ್ಕ್ರೋಲ್’ ಅನ್ನು ಮೊಬೈಲ್ ಪರದೆಯಲ್ಲಿ ನೋಡುವುದಾದರೆ ದೊಡ್ಡದು ಮಾಡಿ, ಎಡದಿಂದ ಬಲಕ್ಕೆ ಸರಿಸುತ್ತಾ ಹೋಗಿ.